ಬೋಲ್ಪುರದ ಮರದಡಿಯ ಶಾಲೆ: ಶಾಂತಿನಿಕೇತನದ ಮೊದಲ ಎರಡು ದಶಕಗಳ ವಿದ್ಯಾರ್ಥಿ ಜೀವನ

1901ರ ಡಿಸೆಂಬರ್ 22, ಬಂಗಾಳಿ ಪಂಚಾಂಗದ ಪ್ರಕಾರ ಪೌಷ ಮಾಸದ 7ನೆಯ ದಿನ. ಕಲ್ಕತ್ತೆಯಿಂದ ಸುಮಾರು 150 ಕಿ.ಮೀ. ದೂರದಲ್ಲಿರುವ ಬೋಲ್ಪುರವೆಂಬ ಸಣ್ಣ ರೈಲು ಪಟ್ಟಣದ ಹೊರಗೆ, ಕೆಂಪು ಮಣ್ಣಿನ ಬಯಲಿನಲ್ಲಿ ಅಂದು ಒಂದು ಶಾಲೆ ಶುರುವಾಯಿತು. ಸೇರಿದ ಹುಡುಗರು ಐದೇ ಮಂದಿ. ಅವರಲ್ಲೊಬ್ಬ ಶಾಲೆ ತೆರೆದವರ ಮಗ, 13 ವರ್ಷದ ರಥೀಂದ್ರನಾಥ. ಮೇಷ್ಟ್ರುಗಳ ಸಂಖ್ಯೆಯೂ ಹೆಚ್ಚುಕಡಿಮೆ ಅಷ್ಟೇ. ಶಾಲೆಗೆ ಇಟ್ಟ ಹೆಸರು ಬ್ರಹ್ಮಚರ್ಯಾಶ್ರಮ. ಮುಂದೆ ಶಾಂತಿನಿಕೇತನದ ಶಾಲೆ ಎಂದು ಲೋಕಕ್ಕೆ ಪರಿಚಯವಾದದ್ದು ಇದೇ.

ಶಾಲೆ ತೆರೆದ ರವೀಂದ್ರನಾಥ ಠಾಕೂರರಿಗೆ ಆಗ ನಲವತ್ತು ವರ್ಷ. ಬಾಲ್ಯದಲ್ಲಿ ಓರಿಯೆಂಟಲ್ ಸೆಮಿನರಿ, ನಾರ್ಮಲ್ ಸ್ಕೂಲ್, ಬೆಂಗಾಲ್ ಅಕಾಡೆಮಿ, ಸೇಂಟ್ ಝೇವಿಯರ್ಸ್ ಹೀಗೆ ಶಾಲೆಯಿಂದ ಶಾಲೆಗೆ ಹೋಗಿ, ಯಾವುದರಲ್ಲೂ ನೆಲೆ ನಿಲ್ಲದೆ ಓದು ಬಿಟ್ಟವರು ಅವರು. ನಾಲ್ಕು ಗೋಡೆಯ ನಡುವೆ ಬೆಂಚಿನ ಮೇಲೆ ಕೂತು ಕಳೆದ ಗಂಟೆಗಳ ಬೇಸರ ಅವರಿಗೆ ಜೀವನಪೂರ್ತಿ ನೆನಪಿತ್ತು. ತಾವು ಕಟ್ಟುವ ಶಾಲೆಯಲ್ಲಿ ಆ ಬೇಸರಕ್ಕೆ ಎಡೆ ಇರಬಾರದು ಎಂಬುದು ಅವರ ಮೊದಲ ಹಟ. ಇಡೀ ದಿನವನ್ನು ಹುಡುಗರ ಕೈಗೇ ಒಪ್ಪಿಸಿಬಿಡುವುದು ಅದಕ್ಕೆ ಅವರು ಕಂಡುಕೊಂಡ ದಾರಿ. ಏಳುವುದು, ಗುಡಿಸುವುದು, ಹಾಡುವುದು, ಆಡುವುದು, ತಪ್ಪು ಮಾಡಿದವನನ್ನು ವಿಚಾರಿಸುವುದು, ಪತ್ರಿಕೆ ಬರೆಯುವುದು, ಪಕ್ಕದ ಹಳ್ಳಿಗೆ ಹೋಗಿ ಅಕ್ಷರ ಹೇಳಿಕೊಡುವುದು ಎಲ್ಲವೂ ಅಲ್ಲಿ ವಿದ್ಯಾರ್ಥಿಗಳದೇ ಕೆಲಸ. ಪಾಠ ಅದರಲ್ಲಿ ಒಂದು ಭಾಗ. ಈ ಶಾಲೆಯ ಮೊದಲ ಇಪ್ಪತ್ತು ವರ್ಷಗಳ ಕಥೆಯನ್ನು ಕಟ್ಟಡಗಳಿಂದಾಗಲಿ ಪರೀಕ್ಷೆಯ ಫಲಿತಾಂಶಗಳಿಂದಾಗಲಿ ಹೇಳಲು ಬಾರದು. ಹುಡುಗರ ದಿನಚರಿಯಿಂದಲೇ ಹೇಳಬೇಕು.

ಜಾಗಕ್ಕೂ ಒಂದು ಹಿನ್ನೆಲೆಯಿದೆ. ರವೀಂದ್ರರ ತಂದೆ ಮಹರ್ಷಿ ದೇವೇಂದ್ರನಾಥರು 1863ರಲ್ಲಿ ರಾಯ್‌ಪುರದ ಸಿಂಹ ಮನೆತನದಿಂದ 20 ಬಿಘಾ ನೆಲವನ್ನು ಪಡೆದರು. ಬಟಾಬಯಲಿನಲ್ಲಿ ಜೋಡಿ ನಿಂತಿದ್ದ ಎರಡು ಛಾತಿಮ್ ಮರಗಳ ನೆರಳು ಅವರ ಧ್ಯಾನಕ್ಕೆ ಒದಗಿತ್ತು. ನಮ್ಮ ಕರಾವಳಿಯವರು ಆಟಿ ಅಮಾವಾಸ್ಯೆಯ ಮುಂಜಾವಿನಲ್ಲಿ ಕಷಾಯಕ್ಕೆಂದು ತೊಗಟೆ ಕೆತ್ತುವ ಹಾಲೆ ಮರವೇ ಈ ಛಾತಿಮ್. ಅಲ್ಲಿ ದೇವೇಂದ್ರನಾಥರು ಒಂದು ಅತಿಥಿಗೃಹ ಕಟ್ಟಿಸಿ ಶಾಂತಿನಿಕೇತನ ಎಂದು ಕರೆದರು. 1888ರಲ್ಲಿ ಟ್ರಸ್ಟ್ ಪತ್ರ ಬರೆಸಿ, ಆವರಣದಲ್ಲಿ ವಿಗ್ರಹಪೂಜೆ ಕೂಡದು, ಮಾಂಸಾಹಾರ ಕೂಡದು, ವರ್ಷಕ್ಕೊಮ್ಮೆ ಮೇಳ ನಡೆಯಬೇಕು ಎಂದು ನಿಯಮ ಮಾಡಿದರು. 1891ರಲ್ಲಿ ಬಣ್ಣದ ಗಾಜಿನ ಉಪಾಸನಾ ಮಂದಿರ ಎದ್ದಿತು. 1894ರಿಂದ ಪೌಷ ಮೇಳ ನಡೆಯತೊಡಗಿತು. ಬ್ರಹ್ಮವಿದ್ಯಾಲಯವೊಂದು ಇಲ್ಲಿ ಆಗಬೇಕೆಂಬ ಮಾತು ಟ್ರಸ್ಟ್ ಪತ್ರದಲ್ಲೇ ಇತ್ತು. ಅದನ್ನು ಆಗಮಾಡಿದ್ದು ಮಗ.

ಮೊದಲ ವರ್ಷಗಳು ಕಷ್ಟದವು. ಹುಡುಗರಿಗೆ ಕಾಷಾಯದ ಬಟ್ಟೆ, ಬರಿಗಾಲು, ಕೊಡೆ ಇಲ್ಲ, ಸಸ್ಯಾಹಾರ. ಊಟ ಎಷ್ಟು ಸಪ್ಪೆಯಾಗಿತ್ತು, ದಿನದಿನವೂ ಎಷ್ಟು ಒಂದೇ ತೆರನಾಗಿತ್ತು ಎಂಬುದನ್ನು ರಥೀಂದ್ರನಾಥರು ತಮ್ಮ ‘ಆನ್ ದಿ ಎಡ್ಜಸ್ ಆಫ್ ಟೈಮ್’ ಎಂಬ ನೆನಪಿನ ಪುಸ್ತಕದಲ್ಲಿ ಬರೆದಿದ್ದಾರೆ. ಆ ಊಟಕ್ಕೆ ರುಚಿ ತಂದವರು ಅವರ ತಾಯಿ ಮೃಣಾಲಿನೀ ದೇವಿ. ಮಕ್ಕಳಿಗೆ ತಾವೇ ಅಡುಗೆ ಮಾಡಿ ಬಡಿಸುತ್ತಿದ್ದರು. ಶಾಲೆಯ ಖರ್ಚು ನಿಭಾಯಿಸಲು ತಮ್ಮ ಒಡವೆಗಳನ್ನೂ ಕೊಟ್ಟರು. ಕವಿ ಪುರಿಯಲ್ಲಿದ್ದ ತಮ್ಮ ಮನೆಯನ್ನು ಮಾರಿದರು, ಪುಸ್ತಕಗಳ ಹಕ್ಕನ್ನೂ ಮಾರಿದರು. ತ್ರಿಪುರಾದ ಮಹಾರಾಜ ರಾಧಾಕಿಶೋರ ಮಾಣಿಕ್ಯರು ವರ್ಷಕ್ಕೆ 1,000 ರೂಪಾಯಿ ನೆರವು ಕೊಡುತ್ತಿದ್ದರು. ಶಾಲೆಗೆ ಒಂದು ವರ್ಷ ತುಂಬುವ ಮೊದಲೇ, 1902ರ ನವೆಂಬರ್ 23ರಂದು, ಮೃಣಾಲಿನೀ ದೇವಿ ತೀರಿಕೊಂಡರು.

ಮೇಷ್ಟ್ರುಗಳೂ ಎಲ್ಲೆಲ್ಲಿಂದಲೋ ಬಂದು ಸೇರಿದವರು. ಕ್ರೈಸ್ತ ಸಂನ್ಯಾಸಿಯೂ ವೇದಾಂತಿಯೂ ಆಗಿದ್ದ ಬ್ರಹ್ಮಬಾಂಧವ ಉಪಾಧ್ಯಾಯರು ಶಾಲೆಗೆ ಕಟ್ಟುಪಾಡು ರೂಪಿಸಿಕೊಟ್ಟರು. ರವೀಂದ್ರರನ್ನು ‘ಗುರುದೇವ’ ಎಂದು ಮೊದಲು ಕರೆದವರೂ ಅವರೇ. ಅವರ ಶಿಷ್ಯ, ಸಿಂಧಿನ ರೇವಾಚಂದ್ ಇಂಗ್ಲಿಷ್ ಕಲಿಸಿದರು, ಶಿಸ್ತು ನೋಡಿಕೊಂಡರು. ಇವರಿಬ್ಬರೂ ಒಂದು ವರ್ಷ ಕಳೆಯುವಷ್ಟರಲ್ಲಿ ಬಿಟ್ಟುಹೋದರು. ಠಾಕೂರರ ಜಮೀನ್ದಾರಿಯ ಕಚೇರಿಯಲ್ಲಿ ಕೆಲಸಕ್ಕಿದ್ದ ಜಗದಾನಂದ ರಾಯ್ ಗಣಿತ, ವಿಜ್ಞಾನಗಳ ಮೇಷ್ಟ್ರಾದರು. ಅದೇ ಜಮೀನ್ದಾರಿಯ ನೌಕರಿಯಿಂದಲೇ ಬಂದ ಹರಿಚರಣ ಬಂದ್ಯೋಪಾಧ್ಯಾಯರು ಸಂಸ್ಕೃತ ಕಲಿಸುತ್ತ, 1905ರಲ್ಲಿ ಗುರುದೇವರ ಮಾತಿನಂತೆ ಬಂಗಾಳಿ ನಿಘಂಟಿನ ಕೆಲಸಕ್ಕೆ ಕೈಹಾಕಿದರು. ಅದು ಮುಂದೆ ‘ಬಂಗೀಯ ಶಬ್ದಕೋಶ’ವೆಂಬ ಬೃಹತ್ ಕೃತಿಯಾಯಿತು. ಆಳುಗಳ ಲೆಕ್ಕ ಬರೆಯುತ್ತಿದ್ದವರಲ್ಲಿ ವಿದ್ವತ್ತನ್ನು ಗುರುತಿಸುವ ಕಣ್ಣು ಗುರುದೇವರಿಗಿತ್ತು. ಶಾಲೆಗೆ ದೊಡ್ಡ ಸಂಬಳ ಕೊಡುವ ಶಕ್ತಿ ಇರಲಿಲ್ಲ. ಬಂದವರು ಸಂಬಳಕ್ಕಾಗಿ ಬರಲೂ ಇಲ್ಲ.

ಈ ಮೇಷ್ಟ್ರುಗಳಲ್ಲಿ ಸತೀಶಚಂದ್ರ ರಾಯ್ ಅತ್ಯಂತ ಕಿರಿಯರು. ಕವಿತೆಯ ಹುಚ್ಚಿನ ಕಾಲೇಜು ಹುಡುಗ, ಪದವಿಯ ಆಸೆ ಬಿಟ್ಟು ಬೋಲ್ಪುರಕ್ಕೆ ಬಂದರು. ಬಯಲಿನಲ್ಲಿ ಸುತ್ತಾಡುತ್ತ, ಮಹಾಕವಿಗಳ ಕಾವ್ಯವನ್ನು ಎಳೆಯರಿಗೆ ಕಥೆಯಾಗಿ ಹೇಳುತ್ತ, ಹುಡುಗರ ಜೊತೆ ಹುಡುಗರಾಗಿಯೇ ಇದ್ದರು. ಮಕ್ಕಳಿಗೆ ಅರ್ಥವಾಗದು ಎಂದು ಅವರು ಯಾವ ದೊಡ್ಡ ಕೃತಿಯನ್ನೂ ದೂರ ಇಡಲಿಲ್ಲ. 1904ರ ಫೆಬ್ರುವರಿಯಲ್ಲಿ ಸಿಡುಬು ತಗುಲಿ ಅಲ್ಲಿಯೇ ತೀರಿಕೊಂಡಾಗ ಅವರಿಗೆ ಇಪ್ಪತ್ತರ ಆಸುಪಾಸು. ರೋಗದ ಭಯಕ್ಕೆ ಶಾಲೆಯನ್ನು ಕೆಲಕಾಲ ಪದ್ಮಾ ನದಿಯ ಬಳಿಯ ಶಿಲಾಯಿದಹಕ್ಕೆ ಸಾಗಿಸಬೇಕಾಯಿತು. ಅವರು ಹುಡುಗರಿಗಾಗಿ ಬರೆದ ‘ಗುರುದಕ್ಷಿಣಾ’ ಎಂಬ ಕಥೆಯನ್ನು ಡಬ್ಲ್ಯು. ಡಬ್ಲ್ಯು. ಪಿಯರ್ಸನ್ ಮುಂದೆ ಇಂಗ್ಲಿಷಿಗೆ ತಂದರು.

ಪಿಯರ್ಸನ್ ಇಂಗ್ಲೆಂಡಿನಿಂದ ಬಂದ ಶಿಕ್ಷಕರು. ರವೀಂದ್ರರ ಆಪ್ತ ಸಿ. ಎಫ್. ಆಂಡ್ರೂಸರ ಗೆಳೆಯರು. 1916ರಲ್ಲಿ ಅವರು ಬೋಲ್ಪುರದ ಶಾಲೆಯ ಬಗ್ಗೆಯೇ ಒಂದು ಪುಸ್ತಕ ಪ್ರಕಟಿಸಿದರು. ಅಂದಿನ ದಿನಚರಿ ಇವತ್ತಿಗೂ ಕಣ್ಣಿಗೆ ಕಟ್ಟುವಂತಿರುವುದಕ್ಕೆ ಆ ಪುಸ್ತಕ ಮತ್ತು ಹಳೆಯ ವಿದ್ಯಾರ್ಥಿಗಳ ನೆನಪುಗಳು ಕಾರಣ.

ಬೆಳಗಿನ ಜಾವ ಇನ್ನೂ ಕತ್ತಲಿರುವಾಗ ಹುಡುಗರದೊಂದು ತಂಡ ಹಾಡುತ್ತ ಆಶ್ರಮ ಸುತ್ತುತ್ತಿತ್ತು. ಇದು ವೈತಾಲಿಕ. ಗಂಟೆಯ ಸದ್ದಿಗಿಂತ ಮೊದಲು ಕಿವಿಗೆ ಬೀಳುತ್ತಿದ್ದದ್ದು ಈ ಹಾಡು. ಎದ್ದವರು ಹಾಸಿಗೆ ಸುತ್ತಿ, ತಮ್ಮ ಕೋಣೆಯನ್ನು ತಾವೇ ಗುಡಿಸಿ, ಬಯಲಿನಲ್ಲಿ ವ್ಯಾಯಾಮ ಮಾಡಿ, ಬಾವಿಯ ನೀರಿನಲ್ಲಿ ಸ್ನಾನ ಮುಗಿಸುತ್ತಿದ್ದರು. ಆಮೇಲೆ ಒಬ್ಬೊಬ್ಬನೂ ತನ್ನ ಆಸನ ಹಿಡಿದು, ಮರದ ಕೆಳಗೋ ಬಯಲಿನಲ್ಲೋ ಒಂದು ಕಡೆ ಕೂತು, ಹದಿನೈದು ನಿಮಿಷ ಸುಮ್ಮನಿರಬೇಕು. ಏನನ್ನು ಧ್ಯಾನಿಸಬೇಕೆಂದು ಯಾರೂ ಹೇಳಿಕೊಡುತ್ತಿರಲಿಲ್ಲ. ಮರ ಹತ್ತುವ ಅಳಿಲನ್ನು ನೋಡುತ್ತ ಕೂತರೂ ಸರಿಯೇ, ಸದ್ದಿಲ್ಲದೆ ಕೂತರೆ ಸಾಕು ಎಂದು ರವೀಂದ್ರರು ‘ಮೈ ಸ್ಕೂಲ್’ ಉಪನ್ಯಾಸದಲ್ಲಿ ವಿವರಿಸಿದ್ದಾರೆ. ಬಳಿಕ ಎಲ್ಲರೂ ಒಟ್ಟಾಗಿ ನಿಂತು ಉಪನಿಷತ್ತಿನ ಮಂತ್ರ ಹೇಳಿ, ತಿಂಡಿ ತಿಂದು ಪಾಠಕ್ಕೆ ಹೋಗುತ್ತಿದ್ದರು. ಸಂಜೆಯೂ ಹಾಗೆಯೇ ಒಂದು ಮೌನದ ಹೊತ್ತು. ಮಲಗುವ ಮುನ್ನ ಮತ್ತೆ ಹಾಡಿನ ತಂಡದ ಸುತ್ತು.

ವಾರದ ರಜೆ ಭಾನುವಾರವಲ್ಲ, ಬುಧವಾರ. ಬ್ರಹ್ಮಸಮಾಜದ ಪದ್ಧತಿಯಂತೆ ಅಂದು ಗಾಜಿನ ಮಂದಿರದಲ್ಲಿ ಉಪಾಸನೆ ನಡೆಯುತ್ತಿತ್ತು. ಊರಲ್ಲಿದ್ದಾಗ ಗುರುದೇವರೇ ಮಾತಾಡುತ್ತಿದ್ದರು. ಆ ಮಾತುಗಳೇ ‘ಶಾಂತಿನಿಕೇತನ’ ಎಂಬ ಪ್ರಬಂಧಮಾಲೆಯಾದವು.

ತರಗತಿಗಳು ನಡೆಯುತ್ತಿದ್ದದ್ದು ಮಾವಿನ ತೋಪಿನಲ್ಲಿ, ಸಾಲ ಮರಗಳ ಸಾಲಿನಲ್ಲಿ. ಮೇಷ್ಟ್ರು ಮರದ ಬುಡದಲ್ಲಿ, ಹುಡುಗರು ಸುತ್ತ ಅರ್ಧಚಂದ್ರಾಕಾರದಲ್ಲಿ. ಮಳೆ ಬಂದರೆ ಹತ್ತಿರದ ಜಗಲಿಗೆ ಓಡಬೇಕು. ಗುಂಪುಗಳು ಚಿಕ್ಕವಾಗಿದ್ದವು. ಒಬ್ಬ ಹುಡುಗ ಗಣಿತದಲ್ಲಿ ಒಂದು ಗುಂಪಿನಲ್ಲೂ ಇಂಗ್ಲಿಷಿನಲ್ಲಿ ಇನ್ನೊಂದರಲ್ಲೂ ಇರುವುದು ಸಾಧ್ಯವಿತ್ತು. ಕಲಿಕೆಯ ಮಾಧ್ಯಮ ಬಂಗಾಳಿ. ಇಂಗ್ಲಿಷನ್ನು ಮೊದಲು ಕಿವಿಗೂ ನಾಲಗೆಗೂ ರೂಢಿ ಮಾಡಿಸುವ ಪಾಠಗಳನ್ನು ರವೀಂದ್ರರೇ ಬರೆದರು. ಜಗದಾನಂದ ರಾಯ್ ಆಕಾಶದ ಪಾಠವನ್ನು ರಾತ್ರಿ ಆಕಾಶದ ಕೆಳಗೇ ಮಾಡುತ್ತಿದ್ದರು. ಬಂಗಾಳಿಯಲ್ಲಿ ಗ್ರಹನಕ್ಷತ್ರಗಳ ಬಗ್ಗೆ, ಕ್ರಿಮಿಕೀಟಗಳ ಬಗ್ಗೆ ಅವರು ಬರೆದ ಪುಸ್ತಕಗಳಿಗೆ ಈ ಹುಡುಗರೇ ಮೊದಲ ಕೇಳುಗರು.

ಮರ ಹತ್ತುವುದು ಅಲ್ಲಿ ತಪ್ಪಾಗಿರಲಿಲ್ಲ. ಶಿಸ್ತಿಗೆ ಹೆಸರಾದ ಹೆಡ್‌ಮಾಸ್ಟರರೊಬ್ಬರು ಒಮ್ಮೆ ಶಾಲೆ ನೋಡಲು ಬಂದಾಗ, ಹುಡುಗನೊಬ್ಬ ಮರದ ಕವಲಿನಲ್ಲಿ ಆರಾಮಾಗಿ ಕೂತು ಓದುತ್ತಿದ್ದ. ಅವರಿಗೆ ಆಶ್ಚರ್ಯವೂ ಆಯಿತು, ಸಿಟ್ಟೂ ಬಂತು. ಈ ಪ್ರಸಂಗವನ್ನು ರವೀಂದ್ರರು ತಮ್ಮ ಲೇಖನದಲ್ಲಿ ನೆನೆದು, ಹುಡುಗನ ಪರವಾಗಿಯೇ ವಾದಿಸಿದ್ದಾರೆ. ದೊಡ್ಡವರಾದ ಮೇಲೆ ಮರ ಹತ್ತಲು ಯಾರಿಗೂ ಬಿಡುವಿಲ್ಲ, ಆ ಸುಖ ಬಾಲ್ಯದಲ್ಲಿ ಮಾತ್ರ ದಕ್ಕುವುದು, ಅದನ್ನು ಶಾಲೆಯೇ ಕಸಿಯಬಾರದು ಎಂಬುದು ಅವರ ನಿಲುವು. ಪರೀಕ್ಷೆಯ ದಿನವೂ ಕಾವಲು ಇರುತ್ತಿರಲಿಲ್ಲ. ಪ್ರಶ್ನೆಪತ್ರಿಕೆ ಕೊಟ್ಟು ಮೇಷ್ಟ್ರು ಹೋಗಿಬಿಡುತ್ತಿದ್ದರು. ಹುಡುಗರು ತಮಗೆ ಬೇಕಾದ ಕಡೆ ಕೂತು ಉತ್ತರ ಬರೆದು ತಂದೊಪ್ಪಿಸುತ್ತಿದ್ದರು.

ಹಾಗೆಂದು ಹೊರಗಿನ ಲೋಕದ ಪರೀಕ್ಷೆಯಿಂದ ಶಾಲೆಗೆ ಬಿಡುಗಡೆ ಇರಲಿಲ್ಲ. ಕಲ್ಕತ್ತಾ ವಿಶ್ವವಿದ್ಯಾಲಯದ ಪ್ರವೇಶ ಪರೀಕ್ಷೆಗೆ ಹುಡುಗರನ್ನು ಸಿದ್ಧಮಾಡಲೇಬೇಕಿತ್ತು. ತಂದೆತಾಯಂದಿರು ಅದನ್ನೇ ಕೇಳುತ್ತಿದ್ದರು. ರಥೀಂದ್ರನಾಥ ಮತ್ತು ಅವರ ಸಹಪಾಠಿ ಸಂತೋಷಚಂದ್ರ ಮಜುಂದಾರ್ ಆ ಪರೀಕ್ಷೆ ಮುಗಿಸಿ, 1906ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯಕ್ಕೆ ಕೃಷಿ ಕಲಿಯಲು ಹೋದರು. ಕವಿಯ ಮಗ ಬೇಸಾಯ ಕಲಿಯಲು ಹಡಗು ಹತ್ತಿದ್ದು ಶಾಲೆಯ ಮನೋಧರ್ಮಕ್ಕೆ ಒಪ್ಪುವ ಮಾತೇ. ಸಂತೋಷಚಂದ್ರರು ಹಿಂತಿರುಗಿ ಇದೇ ಶಾಲೆಯಲ್ಲಿ ಶಿಕ್ಷಕರಾದರು.

ಬೆತ್ತಕ್ಕೆ ಅಲ್ಲಿ ಜಾಗವಿರಲಿಲ್ಲ. ಶಿಸ್ತಿನ ಹೊಣೆ ಹುಡುಗರ ಮೇಲೆಯೇ ಇತ್ತು. ಒಂದೊಂದು ವಿದ್ಯಾರ್ಥಿನಿಲಯವೂ ತನ್ನ ನಾಯಕನನ್ನು ತಾನೇ ಆರಿಸುತ್ತಿತ್ತು. ಅವರೆಲ್ಲರ ಮೇಲೆ ಇಡೀ ಶಾಲೆಗೊಬ್ಬ ನಾಯಕ. ಸಾಲಾಗಿ ನಿಲ್ಲಿಸುವುದು, ಹೊತ್ತಿಗೆ ಸರಿಯಾಗಿ ಎಬ್ಬಿಸುವುದು, ಕಾಯಿಲೆ ಬಿದ್ದವರನ್ನು ನೋಡಿಕೊಳ್ಳುವುದು ನಾಯಕರ ಕೆಲಸ. ಸಣ್ಣಪುಟ್ಟ ತಪ್ಪುಗಳನ್ನು ವಿಚಾರಿಸಲು ಹುಡುಗರದೇ ಒಂದು ವಿಚಾರಸಭೆ ಇತ್ತು. ಆರೋಪ ಕೇಳಿ, ಆರೋಪ ಹೊತ್ತವನ ಮಾತನ್ನೂ ಕೇಳಿ, ತೀರ್ಪು ಕೊಡುವವರು ಓರಗೆಯವರೇ. ಅಧ್ಯಾಪಕರು ಅದರಲ್ಲಿ ತಲೆಹಾಕುವುದು ಅಪರೂಪ. 1905ರ ಸುಮಾರಿಗೆ ಈ ಸಭೆಗಳ ನಡುವೆ ಬೆಳೆದ ಹುಡುಗರಲ್ಲಿ ಸುಧೀರಂಜನ ದಾಸ್ ಒಬ್ಬರು. ಮುಂದೆ ಅವರು ಭಾರತದ ಮುಖ್ಯ ನ್ಯಾಯಮೂರ್ತಿಯಾದರು.

ಒಂದು ವಿಷಯದಲ್ಲಿ ಶಾಲೆ ನಿಧಾನವಾಗಿ ದಾರಿ ಬದಲಿಸಿತು. ಮೊದಲ ದಿನಗಳಲ್ಲಿ ಜಾತಿಯ ಕಟ್ಟುಪಾಡು ಅಲ್ಲಿಯೂ ಇತ್ತು. ಬ್ರಾಹ್ಮಣ ವಿದ್ಯಾರ್ಥಿಗಳು ಬ್ರಾಹ್ಮಣರಲ್ಲದ ಅಧ್ಯಾಪಕರ ಕಾಲು ಮುಟ್ಟಿ ನಮಸ್ಕರಿಸಬೇಕೇ ಎಂಬ ಪ್ರಶ್ನೆ 1902ರಲ್ಲಿ ಎದ್ದಾಗ, ಕೈಮುಗಿದರೆ ಸಾಕು ಎಂದು ರವೀಂದ್ರರು ಬರೆದಿದ್ದರು. ಊಟದ ಪಂಕ್ತಿಯಲ್ಲೂ ಭೇದವಿತ್ತು. ಬಂಗಾಳದ ಸ್ವದೇಶಿ ಚಳವಳಿಯ ಏಳುಬೀಳು, ‘ಗೋರಾ’ ಕಾದಂಬರಿ ಬರೆದ ವರ್ಷಗಳ ಚಿಂತನೆ ಇವೆಲ್ಲ ಅವರನ್ನು ಬೇರೆಡೆಗೆ ಕರೆದೊಯ್ದವು. ಶಾಲೆಯೂ ಅವರ ಜೊತೆ ಬದಲಾಯಿತು. ಬ್ರಹ್ಮಚರ್ಯಾಶ್ರಮದ ಕಟ್ಟುನಿಟ್ಟಿನ ಜಾಗಕ್ಕೆ ಹಾಡು, ನಾಟಕ, ಋತುಗಳ ಹಬ್ಬ ಬಂದವು.

ಆ ಹಬ್ಬಗಳಲ್ಲಿ ಮೊದಲನೆಯದನ್ನು ಹೂಡಿದವನು ವಿದ್ಯಾರ್ಥಿಯೇ. 1907ರ ಶ್ರೀಪಂಚಮಿಯಂದು ಕವಿಯ ಕಿರಿಯ ಮಗ ಶಮೀಂದ್ರನಾಥ, ಗೆಳೆಯರನ್ನು ಕೂಡಿಸಿಕೊಂಡು ಋತು ಉತ್ಸವ ಮಾಡಿದ. ಹುಡುಗರು ಒಂದೊಂದು ಋತುವಿನ ವೇಷ ಹಾಕಿ ಹಾಡಿದರು. ಅದೇ ವರ್ಷದ ನವೆಂಬರ್ 23ರಂದು, ತಾಯಿ ತೀರಿದ ತಾರೀಖಿನಂದೇ, ಕಾಲರಾದಿಂದ ಆ ಹುಡುಗ ತೀರಿಕೊಂಡ. ವಯಸ್ಸು ಹನ್ನೊಂದೂ ತುಂಬಿರಲಿಲ್ಲ. ಅವನು ಶುರುಮಾಡಿದ ಹಬ್ಬ ನಿಲ್ಲಲಿಲ್ಲ. ವಸಂತೋತ್ಸವ, ವರ್ಷಾಮಂಗಲ, 1928ರಿಂದ ಗಿಡ ನೆಡುವ ವೃಕ್ಷರೋಪಣ, ನೇಗಿಲು ಹೂಡುವ ಹಲಕರ್ಷಣ ಹೀಗೆ ವರ್ಷದುದ್ದಕ್ಕೂ ಅದು ಹರಡಿಕೊಂಡಿತು.

1908ರಲ್ಲಿ ರವೀಂದ್ರರು ಹುಡುಗರು ಆಡಲೆಂದೇ ‘ಶಾರದೋತ್ಸವ’ ಬರೆದರು. ಶರತ್ಕಾಲದಲ್ಲಿ ರಜೆ ಸಿಕ್ಕ ಹುಡುಗರ ನಾಟಕ ಅದು. ಹೆಣ್ಣು ಪಾತ್ರವೇ ಇಲ್ಲದ್ದರಿಂದ ಹುಡುಗರ ಶಾಲೆಗೆ ಹೇಳಿ ಮಾಡಿಸಿದಂತಿತ್ತು. ಆಮೇಲೆ ‘ಅಚಲಾಯತನ’, ‘ಫಾಲ್ಗುಣೀ’ ಬಂದವು. ತಾಲೀಮು ನಡೆಯುವಲ್ಲಿಗೆ ಯಾರು ಬೇಕಾದರೂ ಬಂದು ಕೂರಬಹುದಿತ್ತು. ಹಾಗಾಗಿ ಪಾತ್ರ ಸಿಗದವರಿಗೂ ಹಾಡುಗಳೆಲ್ಲ ಬಾಯಿಗೆ ಬಂದಿರುತ್ತಿದ್ದವು. ಗುರುದೇವರು ಹೊಸ ಹಾಡು ಕಟ್ಟಿದರೆ ಅದನ್ನು ಕಲಿತು ಸ್ವರಲಿಪಿ ಬರೆದು, ಹುಡುಗರಿಗೆ ಕಲಿಸುತ್ತಿದ್ದವರು ಅವರ ಅಣ್ಣನ ಮೊಮ್ಮಗ ದಿನೇಂದ್ರನಾಥ. 1916ರ ಜನವರಿಯಲ್ಲಿ ಬಂಕುರಾ ಕ್ಷಾಮದ ನೆರವಿಗಾಗಿ ಕಲ್ಕತ್ತೆಯ ಜೋಡಾಸಾಂಕೋ ಮನೆಯಲ್ಲಿ ‘ಫಾಲ್ಗುಣೀ’ ಆಡಿದಾಗ ಕುರುಡ ಬಾವುಲ ಗಾಯಕನ ಪಾತ್ರದಲ್ಲಿ ರವೀಂದ್ರರೇ ರಂಗಕ್ಕೆ ಬಂದರು. ಬೋಲ್ಪುರದ ಹುಡುಗರೂ ಅವರ ಜೊತೆಗಿದ್ದರು.

ರಾತ್ರಿ ಊಟದ ನಂತರ ಪುಸ್ತಕ ಮುಟ್ಟುವಂತಿರಲಿಲ್ಲ. ಆ ಹೊತ್ತು ಕಥೆಗೆ, ಹಾಡಿಗೆ, ಬೆಳದಿಂಗಳ ನಡಿಗೆಗೆ ಮೀಸಲು. ಸಾಹಿತ್ಯಸಭೆಗಳಲ್ಲಿ ಹುಡುಗರು ತಾವು ಬರೆದದ್ದನ್ನು ಓದುತ್ತಿದ್ದರು. ಕೇಳುವವರ ಸಾಲಿನಲ್ಲಿ ಬಂಗಾಳದ ಅತಿ ದೊಡ್ಡ ಕವಿ ಕೂತಿರುತ್ತಿದ್ದರು. ಕೈಬರಹದ ಪತ್ರಿಕೆಗಳು ಒಂದಲ್ಲ, ಹಲವು. ಸಂಪಾದಕ, ಚಿತ್ರಕಾರ, ಲಿಪಿಕಾರ ಎಲ್ಲರೂ ವಿದ್ಯಾರ್ಥಿಗಳೇ. ಒಂದೇ ಪ್ರತಿ ಸಿದ್ಧವಾಗಿ, ಕೈಯಿಂದ ಕೈಗೆ ಹೋಗುತ್ತಿತ್ತು. ಹೀಗೆ ಚಿತ್ರ ಬಿಡಿಸುತ್ತ, ಬರೆಯುತ್ತ ಬೆಳೆದವರಲ್ಲಿ ಕೆತ್ತನೆ ಚಿತ್ರಕಲೆಗೆ ಹೆಸರಾದ ಮುಕುಲ್ ದೇ, ಸಾಹಿತಿ ಪ್ರಮಥನಾಥ ಬಿಶಿ ಇದ್ದಾರೆ. ಬಿಶಿಯವರು ತಮ್ಮ ಶಾಲಾದಿನಗಳ ಬಗ್ಗೆ ಬರೆದ ‘ರವೀಂದ್ರನಾಥ ಓ ಶಾಂತಿನಿಕೇತನ’ ಬಂಗಾಳಿಯ ಒಳ್ಳೆಯ ನೆನಪಿನ ಪುಸ್ತಕಗಳಲ್ಲಿ ಒಂದು.

ಆಟಗಳಲ್ಲಿ ಫುಟ್‌ಬಾಲ್ ಎಲ್ಲಕ್ಕಿಂತ ಮುಂದು. ಕೆಂಪು ಬಯಲಿನಲ್ಲಿ ಬರಿಗಾಲಲ್ಲೇ ಆಡಿ ಬೆಳೆದ ತಂಡ ಸುತ್ತಮುತ್ತಲಿನ ಊರುಗಳ ತಂಡಗಳೊಂದಿಗೆ ಪಂದ್ಯ ಕಟ್ಟುತ್ತಿತ್ತು. 1905ರಲ್ಲಿ ಜಪಾನಿನಿಂದ ಸಾನೋ ಜಿನ್ನೊಸುಕೆ ಎಂಬ ಗುರು ಬಂದು ಜುಜುತ್ಸು ಕಲಿಸಿದರು. ಇಂಗ್ಲಿಷ್ ಶಾಲೆಗಳ ಡ್ರಿಲ್ ಬಿಟ್ಟು ಬೇರೇನನ್ನೂ ಕಾಣದ ಆ ಕಾಲದಲ್ಲಿ, ಹಳ್ಳಿಗಾಡಿನ ಶಾಲೆಯೊಂದರಲ್ಲಿ ಜಪಾನಿ ಮಲ್ಲವಿದ್ಯೆ ನಡೆಯುತ್ತಿತ್ತು.

ಶಾಲೆಯ ಬೇಲಿಯಾಚೆಗೆ ಭುವನಡಾಂಗಾ ಎಂಬ ಹಳ್ಳಿ, ಅದರಾಚೆ ಸಂತಾಲರ ಹಾಡಿಗಳು. ಹಿರಿಯ ಹುಡುಗರು ಸಂಜೆ ಅಲ್ಲಿಗೆ ಹೋಗಿ ಓದುಬರಹ ಹೇಳಿಕೊಡುತ್ತಿದ್ದರು, ಅಲ್ಲಿಯ ಮಕ್ಕಳೊಂದಿಗೆ ಆಡುತ್ತಿದ್ದರು. ಆಶ್ರಮದ ಕೆಲಸಗಾರರಿಗೂ ರಾತ್ರಿ ಪಾಠವಿತ್ತು. ಪಿಯರ್ಸನ್ ಈ ಕೆಲಸಕ್ಕೆ ತಮ್ಮನ್ನೇ ತೆತ್ತುಕೊಂಡರು. ಸಂತಾಲರ ಒಂದು ಹಳ್ಳಿಗೆ ಪಿಯರ್ಸನ್ ಪಲ್ಲಿ ಎಂಬ ಹೆಸರು ಉಳಿದಿರುವುದು ಅವರಿಂದಲೇ. 1922ರಲ್ಲಿ ಲಿಯೊನಾರ್ಡ್ ಎಲ್ಮ್‌ಹರ್ಸ್ಟ್ ಅವರ ನೇತೃತ್ವದಲ್ಲಿ ಶುರುವಾದ ಶ್ರೀನಿಕೇತನದ ಗ್ರಾಮಪುನರ್ರಚನೆಯ ಕೆಲಸಕ್ಕೆ ನೆಲ ಹದಮಾಡಿದವರು ಲಾಟೀನು ಹಿಡಿದು ಹಳ್ಳಿಗೆ ನಡೆದ ಈ ಹುಡುಗರು.

ಇಂಥ ಶಾಲೆಯನ್ನು ಸರ್ಕಾರ ಸಂಶಯದಿಂದ ನೋಡಿತು. ಪೂರ್ವ ಬಂಗಾಳ ಮತ್ತು ಅಸ್ಸಾಂ ಸರ್ಕಾರ 1911ರಲ್ಲಿ ಗುಪ್ತ ಸುತ್ತೋಲೆ ಹೊರಡಿಸಿ, ಈ ಶಾಲೆ ಸರ್ಕಾರಿ ನೌಕರರ ಮಕ್ಕಳಿಗೆ ತಕ್ಕದ್ದಲ್ಲ ಎಂದಿತು. ಕೆಲವು ತಂದೆಯರು ಮಕ್ಕಳನ್ನು ಬಿಡಿಸಿಕೊಂಡು ಹೋದರು. ಮೊದಲೇ ಸಾಲದಲ್ಲಿದ್ದ ಶಾಲೆಗೆ ಅದು ದೊಡ್ಡ ಪೆಟ್ಟು. ಎರಡು ವರ್ಷದ ಬಳಿಕ, 1913ರ ನವೆಂಬರಿನಲ್ಲಿ, ನೊಬೆಲ್ ಬಹುಮಾನದ ಸುದ್ದಿ ಬೋಲ್ಪುರಕ್ಕೆ ಬಂತು. ಹುಡುಗರು ಕುಣಿದಾಡಿದರು. ನವೆಂಬರ್ 23ರಂದು ಕಲ್ಕತ್ತೆಯಿಂದ ವಿಶೇಷ ರೈಲಿನಲ್ಲಿ ಸುಮಾರು 500 ಮಂದಿ ಅಭಿನಂದಿಸಲು ಬಂದರು. ಬಹುಮಾನದ ಹಣವನ್ನು ರವೀಂದ್ರರು ತಮ್ಮ ಜಮೀನ್ದಾರಿಯ ಪತಿಸರ್‌ನ ಕೃಷಿ ಬ್ಯಾಂಕಿನಲ್ಲಿ ತೊಡಗಿಸಿದರು. ರೈತರಿಗೆ ಸಾಲ ಸಿಗಬೇಕು, ಬಡ್ಡಿ ಶಾಲೆಯ ಖರ್ಚಿಗೆ ಬರಬೇಕು ಎಂಬುದು ಅವರ ಲೆಕ್ಕ.

1914ರ ಕೊನೆಯಲ್ಲಿ ದಕ್ಷಿಣ ಆಫ್ರಿಕದಲ್ಲಿದ್ದ ಗಾಂಧೀಜಿಯವರ ಫೀನಿಕ್ಸ್ ಆಶ್ರಮದ ಹುಡುಗರು ಮಗನ್‌ಲಾಲ್ ಗಾಂಧಿಯವರೊಂದಿಗೆ ಶಾಂತಿನಿಕೇತನಕ್ಕೆ ಬಂದು ತಂಗಿದರು. ತಮ್ಮ ಅಡುಗೆ, ತಮ್ಮ ಬಟ್ಟೆ, ತಮ್ಮ ಕಸ ಎಲ್ಲವನ್ನೂ ತಾವೇ ನೋಡಿಕೊಳ್ಳುವ ಹುಡುಗರು ಅವರು. ಅದೇ ಹೊತ್ತಿಗೆ ಅಲ್ಲಿ ಇನ್ನೊಬ್ಬ ಅತಿಥಿಯೂ ಇದ್ದರು: ಬೆಳಗಾವಿ ಸೀಮೆಯ ಮೂಲದವರಾದ, ಬಾಲ್ಯದ ಕೆಲವು ಕಾಲವನ್ನು ಕಾರವಾರದಲ್ಲಿ ಕಳೆದಿದ್ದ ಕಾಕಾ ಕಾಲೇಲ್ಕರ್. ಗಾಂಧೀಜಿ ಮತ್ತು ಕಸ್ತೂರಬಾ 1915ರ ಫೆಬ್ರುವರಿ 17ರಂದು ಬಂದರು. ಕಾಲೇಲ್ಕರ್ ಗಾಂಧೀಜಿಯವರನ್ನು ಭೇಟಿಯಾಗಿ ಅವರ ಜೊತೆಗಾರರಾದದ್ದು ಇಲ್ಲಿಯೇ. ಎರಡು ದಿನದಲ್ಲಿ, ತಾವು ರಾಜಕೀಯ ಗುರುವೆಂದು ಭಾವಿಸಿದ್ದ ಗೋಖಲೆಯವರ ಸಾವಿನ ಸುದ್ದಿ ಬಂದು ಗಾಂಧೀಜಿ ಪುಣೆಗೆ ಹೊರಟರು. ಮಾರ್ಚ್ 6ರಂದು ಮರಳಿ ಬಂದಾಗ ರವೀಂದ್ರರ ಭೇಟಿಯಾಯಿತು.

ಅಡುಗೆಯವರಿಗೆ, ಆಳುಗಳಿಗೆ ಬಿಡುವು ಕೊಟ್ಟು, ಅಧ್ಯಾಪಕರೂ ವಿದ್ಯಾರ್ಥಿಗಳೂ ತಾವೇ ಎಲ್ಲ ಕೆಲಸ ಮಾಡಿದರೆ ಹೇಗೆ ಎಂದು ಗಾಂಧೀಜಿ ಕೇಳಿದರು. ಹುಡುಗರಿಗೆ ಹೊಸತೆಂದರೆ ಉತ್ಸಾಹ. ಗುರುದೇವರೂ ಒಪ್ಪಿದರು. ಮಾರ್ಚ್ 10ರಂದು ಪ್ರಯೋಗ ಶುರುವಾಯಿತು. ಒಂದು ಗುಂಪು ತರಕಾರಿ ಹೆಚ್ಚಿತು, ಇನ್ನೊಂದು ಕಾಳು ಹಸನು ಮಾಡಿತು, ಮತ್ತೊಂದು ಅಡುಗೆಮನೆಯ ಸುತ್ತಲಿನ ಕೊಳೆ ತೆಗೆಯಲು ಗುದ್ದಲಿ ಹಿಡಿಯಿತು. ಪಿಯರ್ಸನ್ ದಣಿವರಿಯದೆ ದುಡಿದರು. 125 ಹುಡುಗರು, ಅವರ ಅಧ್ಯಾಪಕರು ಏಕಾಏಕಿ ಮೈದುಡಿಮೆಗೆ ಒಗ್ಗುವುದು ಸುಲಭವಲ್ಲವೆಂದು ಗಾಂಧೀಜಿ ಆತ್ಮಕಥೆಯಲ್ಲಿ ಒಪ್ಪಿಕೊಂಡಿದ್ದಾರೆ. ಪಾತ್ರೆ ತಿಕ್ಕುವವರ ಬೇಸರ ಕಳೆಯಲು ಕೆಲವು ವಿದ್ಯಾರ್ಥಿಗಳು ಪಕ್ಕದಲ್ಲಿ ಕೂತು ಸಿತಾರ್ ನುಡಿಸುತ್ತಿದ್ದರೆಂದೂ ಬರೆದಿದ್ದಾರೆ. ಪ್ರಯೋಗ ಕೆಲವು ಕಾಲದ ನಂತರ ನಿಂತಿತು. ಆದರೆ ಪ್ರತಿ ಮಾರ್ಚ್ 10ರಂದು ‘ಗಾಂಧಿ ಪುಣ್ಯಾಹ’ ಎಂದು ಕೆಲಸಗಾರರಿಗೆ ರಜೆ ಕೊಟ್ಟು, ಗುಡಿಸುವ, ತೊಳೆಯುವ, ಅಡುಗೆಯ ಕೆಲಸವನ್ನು ವಿದ್ಯಾರ್ಥಿಗಳೂ ಅಧ್ಯಾಪಕರೂ ಮಾಡುವ ಪದ್ಧತಿ ಉಳಿದುಕೊಂಡಿತು.

ಈ ಶಾಲೆಯ ಕವಿಗೆ ಕನ್ನಡ ನೆಲದ ನಂಟು ಎರಡು ಬಗೆಯಲ್ಲಿತ್ತು. ಶಾಲೆ ಹುಟ್ಟುವ ಎಷ್ಟೋ ಮೊದಲು, 1883ರಲ್ಲಿ, ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಯಲ್ಲಿ ಅವರು ಕಾರವಾರದ ಕಡಲ ತೀರದಲ್ಲಿದ್ದರು. ‘ಪ್ರಕೃತಿರ್ ಪ್ರತಿಶೋಧ್’ ನಾಟಕ ಬರೆದದ್ದು ಅಲ್ಲಿಯೇ. ಲೋಕವನ್ನು ತೊರೆದ ಸಂನ್ಯಾಸಿ ಒಂದು ಮಗುವಿನ ಪ್ರೀತಿಯಿಂದ ಲೋಕಕ್ಕೆ ಮರಳುವ ಕಥೆ ಅದರದು. 1919ರ ಜನವರಿಯಲ್ಲಿ ಬೆಂಗಳೂರಿಗೆ ಬಂದಾಗ ಅವರು ‘ಮೆಸೇಜ್ ಆಫ್ ದಿ ಫಾರೆಸ್ಟ್’ ಎಂಬ ಉಪನ್ಯಾಸ ಮಾಡಿದರು. ಭಾರತದ ತಪೋವನಗಳ ಬಗ್ಗೆ ಅಂದು ಹೇಳಿದ್ದಕ್ಕೆ ಬೋಲ್ಪುರದ ಹದಿನೇಳು ವರ್ಷಗಳ ಅನುಭವ ಬೆನ್ನಿಗಿತ್ತು.

ಆ ಹೊತ್ತಿಗೆ ಶಾಲೆ ಬೇರೊಂದು ರೂಪಕ್ಕೆ ಸಿದ್ಧವಾಗುತ್ತಿತ್ತು. 1918ರ ಡಿಸೆಂಬರಿನಲ್ಲಿ ವಿಶ್ವಭಾರತಿಗೆ ಅಡಿಗಲ್ಲು ಬಿತ್ತು. 1919ರಲ್ಲಿ ಕಲಾಭವನ ಆರಂಭವಾಯಿತು, ನಂದಲಾಲ್ ಬೋಸ್ ಬಂದು ಅದನ್ನು ಕಟ್ಟಿದರು. 1921ರ ಡಿಸೆಂಬರ್ 23ರಂದು ವಿಶ್ವಭಾರತಿ ವಿಧಿವತ್ತಾಗಿ ಉದ್ಘಾಟನೆಯಾಯಿತು. ಹಳೆಯ ಬ್ರಹ್ಮಚರ್ಯಾಶ್ರಮ ಅದರ ಒಂದು ಅಂಗವಾಗಿ, ಪಾಠಭವನ ಎಂಬ ಹೆಸರಿನಲ್ಲಿ ಮುಂದುವರಿಯಿತು. 1908ರಲ್ಲಿ ಅಧ್ಯಾಪಕರಾಗಿ ಬಂದು ಬಾಳಿಡೀ ಅಲ್ಲೇ ಉಳಿದ ಕ್ಷಿತಿಮೋಹನ ಸೇನರ ಮೊಮ್ಮಗ, ಅರ್ಥಶಾಸ್ತ್ರಜ್ಞ ಅಮರ್ತ್ಯ ಸೇನ್ ಮುಂದೆ ಇದೇ ಶಾಲೆಯಲ್ಲಿ ಓದಿದರು.

ಹುಡುಗರ ವಿಚಾರಸಭೆಯನ್ನು ಕಂಡಿದ್ದ ಸುಧೀರಂಜನ ದಾಸ್ 1956ರಿಂದ 1959ರವರೆಗೆ ಭಾರತದ ಮುಖ್ಯ ನ್ಯಾಯಮೂರ್ತಿಯಾಗಿದ್ದರು. ನಿವೃತ್ತಿಯಾದ ವರ್ಷವೇ ವಿಶ್ವಭಾರತಿಯ ಉಪಾಚಾರ್ಯರಾಗಿ ಮರಳಿ ಬಂದು, 1965ರವರೆಗೆ ಅಲ್ಲಿಯೇ ಇದ್ದರು. 1961ರಲ್ಲಿ ಗುರುದೇವರ ಜನ್ಮಶತಮಾನೋತ್ಸವ ನಡೆದದ್ದು ಅವರ ಕಾಲದಲ್ಲಿ. ‘ಆಮಾದೇರ್ ಶಾಂತಿನಿಕೇತನ’ ಎಂಬ ಅವರ ಪುಸ್ತಕದಲ್ಲಿ ಬಾವಿಕಟ್ಟೆಯ ಸ್ನಾನದಿಂದ ಹಿಡಿದು ಮೇಷ್ಟ್ರುಗಳ ನಡೆನುಡಿಯವರೆಗೆ ಆ ದಿನಗಳ ವಿವರಗಳಿವೆ. 2023ರ ಸೆಪ್ಟೆಂಬರಿನಲ್ಲಿ ಯುನೆಸ್ಕೊ ಶಾಂತಿನಿಕೇತನವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಪಾಠಭವನದ ಮಕ್ಕಳಿಗೆ ಈಗಲೂ ವಾರದ ರಜೆ ಬುಧವಾರವೇ. ಅಧ್ಯಾಪಕರನ್ನು ಅವರು ಹೆಸರಿನ ಕೊನೆಗೆ ‘ದಾ’, ‘ದಿ’ ಸೇರಿಸಿ, ಅಣ್ಣ ಅಕ್ಕ ಎಂದಂತೆ ಕರೆಯುತ್ತಾರೆ. ಮಾವಿನ ತೋಪಿನಲ್ಲಿ ತಮ್ಮ ತಮ್ಮ ಆಸನ ಹಾಸಿಕೊಂಡು ಪಾಠಕ್ಕೆ ಕೂರುತ್ತಾರೆ.